ಪ್ರತಿರೋಧ, ಗುರುತು, ನೆನಪು: ಇಂಥ ಕಲೆ, ಸಿನಿಮಾ ಆರಿಸಿ ತೋರಿಸುವಾಗ ಯಾರನ್ನು ಕೇಳಬೇಕು?

ಬಿಳಿಗೋಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ಸಲಹೆ ಕೊಡಿ.

ನಾವು ಆರು ಜನ ಗೆಳೆಯರು ಸೇರಿ ಒಂದು ಪ್ರದರ್ಶನ ಮಾಡುತ್ತಿದ್ದೇವೆ. ಎರಡು ಕೋಣೆ, ಪಕ್ಕದಲ್ಲಿ ಒಂದು ಸಣ್ಣ ಹಾಲ್. ಮೂರು ವಾರ ನಮ್ಮ ಕೈಯಲ್ಲಿರುತ್ತದೆ. ಗೋಡೆಗೆ ಫೋಟೋ, ಬಟ್ಟೆ ಕೆಲಸ, ಒಂದೆರಡು ವಿಡಿಯೋ. ಹಾಲ್‌ನಲ್ಲಿ ವಾರಕ್ಕೆ ಎರಡು ಸಿನಿಮಾ, ಆಮೇಲೆ ಮಾತುಕತೆ. ವಿಷಯ ಪ್ರತಿರೋಧ, ಗುರುತು, ನೆನಪು. ತಮ್ಮ ಮೇಲೆ ಆದದ್ದನ್ನು ಮರೆಯಲು ಒಪ್ಪದ ಜನ ಮಾಡಿದ ಕೆಲಸಗಳು ಅಂತ ಇಟ್ಟುಕೊಳ್ಳಿ.

ಶುರುವಿನಲ್ಲಿ 12 ಕೃತಿ ಅಂದುಕೊಂಡಿದ್ದೆವು. ಒಬ್ಬೊಬ್ಬರು ಒಂದೊಂದು ಸೇರಿಸುತ್ತಾ ಹೋಗಿ ಈಗ 40 ಆಗಿದೆ. ಯಾವುದನ್ನೂ ಬಿಡಲು ಮನಸ್ಸು ಬರುತ್ತಿಲ್ಲ. ಒಂದನ್ನು ತೆಗೆದರೆ ಆ ಜನರ ನೋವು ಲೆಕ್ಕಕ್ಕಿಲ್ಲ ಅಂದ ಹಾಗೆ ಆಗುತ್ತದಲ್ಲ ಅನ್ನುವ ಸಂಕಟ. ಮೊನ್ನೆ ಎಲ್ಲವನ್ನೂ ಸಣ್ಣದಾಗಿ ಪ್ರಿಂಟ್ ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸಿದೆವು. ಹತ್ತನೆಯದಕ್ಕೆ ಬರುವಷ್ಟರಲ್ಲಿ ನಾನು ಸುಮ್ನೆ ಕಣ್ಣಾಡಿಸುತ್ತಾ ಹೋಗುತ್ತಿದ್ದೆ. ಅಳುವ ಮುಖ, ಲಾಠಿ, ಸುಟ್ಟ ಮನೆ, ಮತ್ತೆ ಅಳುವ ಮುಖ. ನನಗೆ ಭಯ ಆಯಿತು. ತಿಂಗಳುಗಟ್ಟಲೆ ಇದರಲ್ಲೇ ಮುಳುಗಿರುವ ನನಗೇ ಹೀಗಾದರೆ ಹೊರಗಿನಿಂದ ಬಂದು ಅರ್ಧ ಗಂಟೆ ಇದ್ದು ಹೋಗುವವರ ಗತಿ ಏನು?

ಹೇಗೆ ಆರಿಸಬೇಕು, ಏನನ್ನು ಬಿಡಬೇಕು? ಕ್ಯುರೇಟ್ ಮಾಡಿ, ಅಂದರೆ ಕೃತಿ ಆರಿಸಿ ಜೋಡಿಸಿ, ಅನುಭವ ಇರುವವರು ದಯವಿಟ್ಟು ಹೇಳಿ.

ರೀಲುಪೆಟ್ಟಿಗೆ

40 ಜಾಸ್ತಿ ಆಯಿತು. ಎರಡು ಕೋಣೆಗೆ 15 ದಾಟಬೇಡಿ. ನಾನು ಫಿಲ್ಮ್ ಸೊಸೈಟಿಯಲ್ಲಿ ತುಂಬಾ ವರ್ಷ ಸಿನಿಮಾ ತೋರಿಸಿದವನು, ಹಾಗಾಗಿ ಸಿನಿಮಾ ಕಡೆಯಿಂದ ಹೇಳುತ್ತೇನೆ.

ನೀವು ನೆಲದ ಮೇಲೆ ಕಂಡದ್ದನ್ನು ಜರ್ಮನಿಯ ಹರೂನ್ ಫರೋಕಿ 1969ರಲ್ಲೇ ಹಿಡಿದಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಸುರಿಯುತ್ತಿದ್ದ ನೇಪಾಮ್ ಅನ್ನುವ ಬೆಂಕಿ ಬಾಂಬಿನ ಬಗ್ಗೆ ಒಂದು ಚಿಕ್ಕ ಸಿನಿಮಾ ಮಾಡಿದರು. ಸುಟ್ಟ ಮೈ ತೋರಿಸಿದರೆ ಜನ ಮೊದಲು ಆ ಚಿತ್ರಕ್ಕೆ ಕಣ್ಣು ಮುಚ್ಚುತ್ತಾರೆ, ಕೊನೆಗೆ ಇಡೀ ವಿಷಯಕ್ಕೇ ಕಣ್ಣು ಮುಚ್ಚುತ್ತಾರೆ ಅನ್ನುವುದು ಅವರ ಚಿಂತೆ. ಅದಕ್ಕೆ ಮೇಜಿನ ಮುಂದೆ ಕೂತು ಉರಿಯುವ ಸಿಗರೇಟನ್ನು ತಮ್ಮ ತೋಳಿಗೇ ಒತ್ತಿಕೊಂಡರು. ಸಿಗರೇಟಿನ ಬಿಸಿ 400 ಡಿಗ್ರಿ, ನೇಪಾಮ್‌ನದು 3000 ಡಿಗ್ರಿ ಅಂತ ಹಿನ್ನೆಲೆಯಲ್ಲಿ ಒಂದು ದನಿ ಹೇಳುತ್ತದೆ. ಉಳಿದ ಲೆಕ್ಕ ನೋಡುವವರೇ ಹಾಕಿಕೊಳ್ಳಬೇಕು. ನಾನು ಅದನ್ನು ಮೊದಲ ಸಲ ತೋರಿಸಿದಾಗ ಹಾಲ್‌ನಲ್ಲಿ ಒಬ್ಬರು ತಮ್ಮ ತೋಳನ್ನೇ ಹಿಡಿದುಕೊಂಡು ಕೂತಿದ್ದರು. ಇಂಥ ಒಂದು ಕೆಲಸ ಹತ್ತು ಸುಟ್ಟ ಮನೆಗಳ ಫೋಟೋಗಿಂತ ದೂರ ಹೋಗುತ್ತದೆ.

ಇನ್ನೊಂದು ವಿಷಯ. ಸಿನಿಮಾವನ್ನು ತುಂಡು ಮಾಡಿ ತೋರಿಸಬೇಡಿ. ಕ್ಲೋಡ್ ಲಾನ್ಸ್‌ಮನ್ 1985ರಲ್ಲಿ ಮುಗಿಸಿದ 'ಶೋವಾ' ಒಂಬತ್ತು ಗಂಟೆಗೂ ಜಾಸ್ತಿ ಇದೆ. ಯಹೂದಿಗಳ ಹತ್ಯಾಕಾಂಡದ ಬಗ್ಗೆ ಇದ್ದರೂ ಹಳೆಯ ಚಿತ್ರಣದ ಒಂದು ತುಣುಕನ್ನೂ ಬಳಸಿಲ್ಲ. ಬರೀ ಮಾತು, ಮುಖ, ಈಗಿನ ಜಾಗಗಳು. ಅದರಿಂದ ಹತ್ತು ನಿಮಿಷ ಕತ್ತರಿಸಿ ಗೋಡೆಗೆ ಹಾಕಿದರೆ ಅದು ಬೇರೆಯೇ ವಸ್ತು ಆಗಿಬಿಡುತ್ತದೆ. ಪೂರ್ತಿ ತೋರಿಸಲು ಆಗದಿದ್ದರೆ ಬಿಡಿ, ಬೇರೆ ಹುಡುಕಿ.

ಎರಡನೇಸಾಲು

ನಾನು ಕಲಾವಿದಳಲ್ಲ, ನೋಡುವವಳು. ಈ ಥರದ ಪ್ರದರ್ಶನಗಳಿಗೆ ತಪ್ಪದೆ ಹೋಗುತ್ತೇನೆ. ಎರಡು ದೂರು ಇವೆ.

ವಿಡಿಯೋ ಇಟ್ಟ ಕಡೆ ಕೂರಲು ಜಾಗ ಇರುವುದಿಲ್ಲ. 25 ನಿಮಿಷದ ವಿಡಿಯೋ, ಯಾವಾಗ ಶುರು ಆಗುತ್ತದೆ ಅಂತ ಎಲ್ಲೂ ಬರೆದಿರುವುದಿಲ್ಲ, ನಡುವೆ ಒಳಗೆ ಹೋಗಿ ನಿಂತು ಎರಡು ನಿಮಿಷ ನೋಡಿ ಬರುತ್ತೇವೆ. ಒಬ್ಬ ತಾಯಿ ಮಗನ ಬಗ್ಗೆ ಮಾತಾಡುತ್ತಿರುತ್ತಾಳೆ, ಅವಳ ಮಾತು ಮುಗಿಯುವ ಮುಂಚೆ ಎದ್ದು ಹೋದ ಹಾಗೆ ಆಗುತ್ತದೆ. ಆಮೇಲೆ ಪಕ್ಕದ ವಿಡಿಯೋದ ಡೋಲು ಇವಳ ಮಾತಿನ ಮೇಲೆ ಬಡಿಯುತ್ತಿರುತ್ತದೆ.

ಎರಡನೆಯದು ಗೋಡೆ ಬರಹ, ಅಂದರೆ ಕೃತಿಯ ಪಕ್ಕ ಹಾಕುವ ವಿವರಣೆ. ಮೂರು ಸಲ ಓದಿದರೂ ಅರ್ಥ ಆಗುವುದಿಲ್ಲ. ಯಾರಿಗೆ ಏನಾಯಿತು, ಯಾವಾಗ ಆಯಿತು, ಯಾರು ಮಾಡಿದರು ಅನ್ನುವುದು ಇರುವುದೇ ಇಲ್ಲ. ದಯವಿಟ್ಟು ಮನುಷ್ಯರು ಮಾತಾಡುವ ಹಾಗೆ ಬರೆಯಿರಿ.

ರೀಲುಪೆಟ್ಟಿಗೆ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಬೆಂಚು ಹಾಕಿ, ಬೆನ್ನಿಗೆ ಆಸರೆ ಇರುವುದು. ಬಾಗಿಲಲ್ಲಿ ಶುರುವಾಗುವ ಸಮಯ ಬರೆಯಿರಿ. ಮಾತು ಜಾಸ್ತಿ ಇರುವ ವಿಡಿಯೋ ಮತ್ತು ಸದ್ದು ಜಾಸ್ತಿ ಇರುವ ವಿಡಿಯೋ ಒಂದೇ ಕೋಣೆಯಲ್ಲಿ ಬೇಡ. ನೆಲಕ್ಕೆ ಜಮಖಾನ, ಗೋಡೆಗೆ ದಪ್ಪ ಪರದೆ ಹಾಕಿದರೆ ಸದ್ದು ಸ್ವಲ್ಪ ಹಿಡಿಯುತ್ತದೆ. ಆಗದಿದ್ದರೆ ಹೆಡ್‌ಫೋನ್.

ಹಳೇಕಡತ

ಗೋಡೆ ಬರಹದ ಬಗ್ಗೆ ಒಂದು ಉದಾಹರಣೆ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ ಒಂದು ಕೃತಿ, ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿ ರಾಶಿ. ಅದರ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ. ನೋಡಲು ಬಂದವರು ಒಂದೊಂದು ತೆಗೆದುಕೊಂಡು ಹೋಗಬಹುದು, ರಾಶಿ ಕರಗುತ್ತಾ ಬರುತ್ತದೆ. ಅವರ ಸಂಗಾತಿ ರಾಸ್ ಏಡ್ಸ್‌ನಿಂದ ಅದೇ ವರ್ಷ ತೀರಿಕೊಂಡರು, ಕೃತಿಯ ಹೆಸರಿನಲ್ಲೇ ರಾಸ್ ಇದ್ದಾರೆ. 2022ರಲ್ಲಿ ಷಿಕಾಗೋದ ಕಲಾ ಸಂಗ್ರಹಾಲಯದ ಲೇಬಲ್‌ನಲ್ಲಿ ರಾಸ್ ಸುದ್ದಿಯೂ ಇರಲಿಲ್ಲ, ಏಡ್ಸ್ ಸುದ್ದಿಯೂ ಇರಲಿಲ್ಲ. ಜನ ಸಿಟ್ಟಾದ ಮೇಲೆ ತಿದ್ದಿದರು. ಆ ನಾಲ್ಕು ಸಾಲು ಇಲ್ಲದಿದ್ದರೆ ಅದು ಮಕ್ಕಳಿಗೆ ಖುಷಿ ಕೊಡುವ ಮಿಠಾಯಿ ರಾಶಿ. ಇದ್ದರೆ, ಕೈಯಲ್ಲಿ ಹಿಡಿದ ಒಂದು ಮಿಠಾಯಿಯೂ ಭಾರ ಅನಿಸುತ್ತದೆ.

ನೀವು ಆರಿಸುವುದು ಬರೀ ಕೃತಿಯನ್ನಲ್ಲ ಸರ್, ಅದರ ಪಕ್ಕ ಏನಿರಬೇಕು ಅನ್ನುವುದನ್ನೂ. ಫ್ರೆಡ್ ವಿಲ್ಸನ್ 1992ರಲ್ಲಿ ಬಾಲ್ಟಿಮೋರ್‌ನ ಒಂದು ಇತಿಹಾಸ ಸಂಗ್ರಹಾಲಯದಲ್ಲಿ ಮಾಡಿದ್ದನ್ನು ನೋಡಿ. ಹೊರಗಿನಿಂದ ಏನನ್ನೂ ತರಿಸಬೇಕಾಗಲಿಲ್ಲ, ಅವರದೇ ಗೋದಾಮಿಗೆ ಇಳಿದರು. ಶ್ರೀಮಂತರ ಮನೆಯ ಬೆಳ್ಳಿ ಪಾತ್ರೆಗಳ ನಡುವೆ ಗುಲಾಮರ ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ ಇಟ್ಟರು. ಲೇಬಲ್‌ನಲ್ಲಿ 'ಲೋಹದ ಕೆಲಸ, 1793–1880' ಅಂತ ಬರೆದರು. ಎರಡೂ ಅದೇ ಕಟ್ಟಡದಲ್ಲಿ ಎಷ್ಟೋ ವರ್ಷದಿಂದ ಇದ್ದವು, ಒಟ್ಟಿಗೆ ಇಟ್ಟವರು ಇರಲಿಲ್ಲ.

ನೂಲು

ಬಟ್ಟೆ ಕೆಲಸ ಇದೆ ಅಂದಿರಲ್ಲ, ಅದಕ್ಕೆ ಬಂದೆ. ಹಳೆಯ ಬಟ್ಟೆಗಳನ್ನು ಕಾಪಾಡುವುದು ನನ್ನ ಕೆಲಸ.

ಚಿಲಿಯಲ್ಲಿ ಪಿನೊಚೆಟ್ ಸರ್ವಾಧಿಕಾರದ ಕಾಲದಲ್ಲಿ ಹೆಂಗಸರು ಅರ್ಪಿಯೇರಾ ಅಂತ ಹೊಲಿಯುತ್ತಿದ್ದರು. ಗೋಣಿ ಬಟ್ಟೆಯ ಮೇಲೆ ಚೂರು ಬಟ್ಟೆ ಜೋಡಿಸಿ ಕತೆ ಹೇಳುವುದು. ಅವರ ಗಂಡಂದಿರು, ಮಕ್ಕಳು ಕಾಣೆಯಾಗಿದ್ದರು, ಆಳುವವರು ಹಿಡಿದುಕೊಂಡು ಹೋದ ಮೇಲೆ ಸುಳಿವೇ ಇರಲಿಲ್ಲ. ಕೆಲವರು ಕಾಣೆಯಾದವರ ಅಂಗಿಯ ಚೂರನ್ನೇ ಹಾಕುತ್ತಿದ್ದರು. ಮುಂದಿನಿಂದ ನೋಡಿದರೆ ಬೆಟ್ಟ, ಸೂರ್ಯ, ಪುಟ್ಟ ಬೊಂಬೆಗಳು, ತುಂಬಾ ಚೆಂದ. ಹತ್ತಿರ ಹೋದರೆ ಬೊಂಬೆಗಳ ಕೈಯಲ್ಲಿ 'ಅವರೆಲ್ಲಿ?' ಅಂತ ಕೇಳುವ ಬರಹ ಇರುತ್ತದೆ. ಕೆಲವಕ್ಕೆ ಹಿಂಬದಿಯಲ್ಲಿ ಒಂದು ಸಣ್ಣ ಜೇಬು ಹೊಲಿದಿರುತ್ತಾರೆ. ಅದರೊಳಗೆ ಮಡಿಸಿದ ಚೀಟಿ, ಹೊಲಿದವಳೇ ಬರೆದದ್ದು.

ಈಗ ಇದನ್ನು ಚೌಕಟ್ಟು ಹಾಕಿ ಗೋಡೆಗೆ ಬಿಗಿದರೆ ಆ ಜೇಬು ಏನಾಯಿತು? ಗೋಡೆಗೆ ಮುಖ ಮಾಡಿ ಕೂತಿತು. ನೋಡುವವರಿಗೆ ಬೆಟ್ಟ, ಸೂರ್ಯ ಮಾತ್ರ ಸಿಕ್ಕಿತು. ಹೀಗೆ ನೇತುಹಾಕಿದ್ದನ್ನು ನಾನು ನೋಡಿದ್ದೇನೆ, ತುಂಬಾ ಬೇಜಾರಾಯಿತು.

ನಿಮ್ಮಲ್ಲಿ ಇರುವ ಬಟ್ಟೆ ಯಾವುದೇ ಇರಲಿ, ಮೊದಲು ತಿರುಗಿಸಿ ನೋಡಿ. ಹಿಂಬದಿಯ ಗಂಟುಗಳು, ಬದಲಾದ ದಾರ, ತೇಪೆ ಎಲ್ಲ ಅಲ್ಲೇ ಇರುತ್ತದೆ. ಸಾಧ್ಯವಾದರೆ ಗೋಡೆಯಿಂದ ದೂರ, ಎರಡೂ ಕಡೆ ಕಾಣುವ ಹಾಗೆ ಅಡ್ಡಕೋಲಿಗೆ ಇಳಿಬಿಡಿ. ಭಾರ ಒಂದೇ ಕಡೆ ಬೀಳಬಾರದು. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು. ಮಂದ ಅನಿಸುತ್ತದೆ, ಆದರೆ ಬಾಗಿಲಿನಿಂದ ಒಳಗೆ ಬರುತ್ತಾ ಬೆಳಕನ್ನು ಸ್ವಲ್ಪ ಸ್ವಲ್ಪ ಇಳಿಸಿದರೆ ಕಣ್ಣು ಹೊಂದಿಕೊಳ್ಳುತ್ತದೆ.

ಬಿಳಿಗೋಡೆ

ನೂಲು ಅವರೇ, ಈಗಷ್ಟೇ ಹೋಗಿ ನಮ್ಮಲ್ಲಿರುವ ಎರಡು ಕೌದಿಗಳನ್ನು ತಿರುಗಿಸಿ ನೋಡಿದೆ. ಒಂದರ ಹಿಂಬದಿಯಲ್ಲಿ ಬೇರೆ ಯಾರದೋ ಕೈ ಹೊಲಿಗೆ ಇದೆ. ಅರ್ಧದವರೆಗೆ ಸಣ್ಣ ಸಣ್ಣ ಹೊಲಿಗೆ, ಆಮೇಲೆ ದೊಡ್ಡದು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಮುಗಿಸಿದ್ದಾರೆ. ನಾಲ್ಕು ತಿಂಗಳಿಂದ ನಮ್ಮ ಹತ್ತಿರ ಇದೆ, ಯಾರೂ ನೋಡಿರಲಿಲ್ಲ.

ಹಳೇಕಡತ

ನೋವಿನ ಚಿತ್ರ ತೋರಿಸಲೇಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಬೇಡ ಅನ್ನುವ ಕಡೆಗೇ ವಾಲುತ್ತದೆ.

ಚಿಲಿಯಲ್ಲಿ ಹುಟ್ಟಿದ ಆಲ್ಫ್ರೆಡೊ ಜಾರ್ 1994ರಲ್ಲಿ, ನರಮೇಧ ನಡೆದ ಕೆಲವೇ ವಾರಗಳಲ್ಲಿ, ರುವಾಂಡಾಕ್ಕೆ ಹೋಗಿ ಸಾವಿರಾರು ಫೋಟೋ ತೆಗೆದರು. ಮರುವರ್ಷ ಪ್ರದರ್ಶನ ಮಾಡಿದಾಗ ಒಂದನ್ನೂ ತೋರಿಸಲಿಲ್ಲ. ಆಯ್ದ ಫೋಟೋಗಳನ್ನು ಕಪ್ಪು ಪೆಟ್ಟಿಗೆಗಳಲ್ಲಿ ಮುಚ್ಚಿಟ್ಟು, ಒಳಗಿನ ಚಿತ್ರದಲ್ಲಿ ಏನಿದೆ ಅಂತ ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಬರೆದರು. ಪೆಟ್ಟಿಗೆಗಳನ್ನು ಗೋರಿಗಳ ಹಾಗೆ ಒಟ್ಟಿದರು. ಜನ ಬಗ್ಗಿ ಓದಬೇಕಿತ್ತು. ಆ ಹೊತ್ತಿಗೆ ಜಗತ್ತು ಎಷ್ಟೋ ಚಿತ್ರ ನೋಡಿ ಸುಮ್ಮನಿತ್ತು, ಇನ್ನೊಂದು ಸೇರಿಸಿ ಏನು ಸಿಗುತ್ತಿತ್ತು?

ಕಾಂಬೋಡಿಯಾದ ರಿಥಿ ಪಾನ್ ಕೂಡ ಹಾಗೇ. ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪು ಆಳಿದ 1975ರಿಂದ 1979ರ ನಡುವೆ ಅವರ ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಕೆಲವರು ಸತ್ತರು. ಆಗ ಕ್ಯಾಮೆರಾ ಇದ್ದದ್ದು ಆಳುವವರ ಕೈಯಲ್ಲಿ, ಉಳಿದ ಚಿತ್ರಗಳೂ ಅವರವೇ. ಹಾಗಾಗಿ 2013ರ ಸಿನಿಮಾದಲ್ಲಿ ಅವರು ಮಣ್ಣಿನ ಬೊಂಬೆಗಳನ್ನು ಇಟ್ಟು ಮನೆ, ಹೊಲ, ಹಸಿವು ಎಲ್ಲವನ್ನೂ ಕಟ್ಟಿದರು. ಅಲುಗಾಡದ ಬೊಂಬೆಗಳು. ಅಪ್ಪನ ಬೊಂಬೆಗೆ ಬಿಳಿ ಸೂಟು.

ನೇರನೋಟ

ನಾನು ಒಪ್ಪುವುದಿಲ್ಲ. ಕ್ಷಮಿಸಿ, ಖಾರವಾಗಿಯೇ ಹೇಳುತ್ತೇನೆ.

ಪೆಟ್ಟಿಗೆಯಲ್ಲಿ ಮುಚ್ಚಿಡುವುದು, ಬೊಂಬೆ ಇಡುವುದು, ಇದೆಲ್ಲ ನೋಡುವವರಿಗೆ ಹಿತ ಆಗಲಿ ಅಂತ ಮಾಡಿದ ಹಾಗೆ ಕಾಣುತ್ತದೆ. ಹೊಡೆದವರಿಗೆ ಬೇಕಾಗಿರುವುದೂ ಅದೇ ಅಲ್ವಾ, ಯಾರೂ ನೋಡಬಾರದು ಅನ್ನುವುದು? 1955ರಲ್ಲಿ ಅಮೆರಿಕದಲ್ಲಿ 14 ವರ್ಷದ ಎಮೆಟ್ ಟಿಲ್ ಅನ್ನುವ ಕಪ್ಪು ಹುಡುಗನನ್ನು ಗುರುತು ಸಿಗದ ಹಾಗೆ ಬಡಿದು ಕೊಂದರು. ಅವನ ತಾಯಿ ಮೇಮಿ ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದರು. ನನ್ನ ಮಗನಿಗೆ ಏನು ಮಾಡಿದ್ದಾರೆ ಎಲ್ಲರೂ ನೋಡಲಿ ಅಂತ. ಸಾವಿರಾರು ಜನ ಸಾಲು ನಿಂತು ನೋಡಿದರು, 'ಜೆಟ್' ಪತ್ರಿಕೆ ಫೋಟೋ ಹಾಕಿತು, ನಾಗರಿಕ ಹಕ್ಕುಗಳ ಚಳವಳಿಗೆ ಎಷ್ಟೋ ಜನ ಬಂದದ್ದು ಆ ಫೋಟೋ ನೋಡಿ. ಆ ತಾಯಿ ಮುಚ್ಚಿಟ್ಟಿದ್ದರೆ?

ತೋರಿಸಿ. ಕಣ್ಣು ಮುಚ್ಚುವವರು ಮುಚ್ಚಿಕೊಳ್ಳಲಿ.

ಹಳೇಕಡತ

ನೀವು ಹೇಳಿದ ಉದಾಹರಣೆಯಲ್ಲೇ ಇನ್ನೊಂದು ಭಾಗ ಇದೆ. 2017ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ದ್ವೈವಾರ್ಷಿಕ ಕಲಾ ಪ್ರದರ್ಶನದಲ್ಲಿ ಡೇನಾ ಷುಟ್ಜ್ ಅನ್ನುವ ಬಿಳಿಯ ಕಲಾವಿದೆ ಅದೇ ಹುಡುಗನ ಶವದ ಚಿತ್ರ ಬರೆದು ಇಟ್ಟರು. ಒಬ್ಬ ಕಪ್ಪು ಕಲಾವಿದ ಆ ಚಿತ್ರದ ಮುಂದೆ ಗಂಟೆಗಟ್ಟಲೆ ಅಡ್ಡ ನಿಂತರು, ಜನರಿಗೆ ಕಾಣದ ಹಾಗೆ. ತೆಗೆಯಿರಿ ಅಂತ ಬಹಿರಂಗ ಪತ್ರ ಬಂತು. ಕಲಾವಿದೆಯ ಉದ್ದೇಶ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಗು ಅದೇ, ಪೆಟ್ಟಿಗೆ ಅದೇ. 1955ರಲ್ಲಿ ಮುಚ್ಚಳ ತೆಗೆಯಿರಿ ಅಂದದ್ದು ತಾಯಿ. 2017ರಲ್ಲಿ ಹಾಗೆ ಹೇಳಿದವರು ಯಾರು?

ನೇರನೋಟ

ಇದನ್ನು ಒಪ್ಪುತ್ತೇನೆ. ತೋರಿಸಬೇಕು ಅನ್ನುವ ಮಾತನ್ನು ಬಿಡುವುದಿಲ್ಲ. ಆದರೆ ತೋರಿಸಿ ಅಂತ ಹೇಳುವ ಹಕ್ಕು ಯಾರದು ಅಂತ ನಾನು ಯೋಚಿಸಿರಲಿಲ್ಲ.

ಬಣ್ಣದಕೈ

ಗುರುತು ಅನ್ನುವುದರ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ನಾನು ಚಿತ್ರ ಬರೆಯುವವನು. ಒಂದು ಸಮುದಾಯದಲ್ಲಿ ಹುಟ್ಟಿದ್ದೇನೆ ಅನ್ನುವ ಕಾರಣಕ್ಕೆ ನನ್ನನ್ನು ಕರೆಯುವುದು ಇಂಥ ಪ್ರದರ್ಶನಗಳಿಗೆ ಮಾತ್ರ. ಹನ್ನೊಂದು ವರ್ಷದಲ್ಲಿ ನಾನು ಬರೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿನ ಚಿತ್ರಗಳು. ಕೆರೆ, ಮಳೆ, ಬಕೆಟ್ಟಿನಲ್ಲಿ ಬಿದ್ದ ಬೆಳಕು. ಅವನ್ನು ಕಳಿಸಿದರೆ 'ಚೆನ್ನಾಗಿವೆ, ಆದರೆ ನಿಮ್ಮ ಅನುಭವ ಇರುವ ಕೆಲಸ ಇದ್ದರೆ ಕಳಿಸಿ' ಅನ್ನುತ್ತಾರೆ. ನೀರು ನೋಡಿದ್ದು ನನ್ನ ಅನುಭವ ಅಲ್ವಾ? ಒಂದು ಸಲ ಸಿಟ್ಟಿನಲ್ಲಿ ಕೇಳಿದೆ, ಉತ್ತರ ಬರಲಿಲ್ಲ, ಮುಂದೆ ಕರೆಯಲೂ ಇಲ್ಲ.

ದಕ್ಷಿಣ ಆಫ್ರಿಕಾದ ಜನೇಲೆ ಮುಹೋಲಿ 2006ರಿಂದ ಅಲ್ಲಿನ ಕಪ್ಪು ಲೆಸ್ಬಿಯನ್ ಮತ್ತು ಟ್ರಾನ್ಸ್ ಜನರ ಫೋಟೋ ತೆಗೆಯುತ್ತಿದ್ದಾರೆ. ಅವರಲ್ಲಿ ಎಷ್ಟೋ ಜನ ಹಲ್ಲೆ ಅನುಭವಿಸಿದವರು. ಫೋಟೋದಲ್ಲಿ ಗಾಯ ಹುಡುಕಿದರೆ ಸಿಗುವುದಿಲ್ಲ. ನೆಟ್ಟಗೆ ನಿಂತು ನಿಮ್ಮ ಕಣ್ಣಿಗೇ ಕಣ್ಣಿಟ್ಟು ನೋಡುತ್ತಾರೆ. ಕೆಳಗೆ ಅವರ ಹೆಸರು, ಜಾಗ, ವರ್ಷ. ನನಗೆ ಪ್ರತಿರೋಧ ಅಂದರೆ ಆ ನೋಟ.

ಬಿಳಿಗೋಡೆಯವರೇ, ನಿಮ್ಮ 40ರಲ್ಲಿ ಯಾರಾದರೂ ನಗುತ್ತಿರುವ ಚಿತ್ರ ಎಷ್ಟಿದೆ, ಎಣಿಸಿ.

ಬಿಳಿಗೋಡೆ

ಎಣಿಸಿದೆ. ಒಂದೂ ಇಲ್ಲ.

ಮೊಮ್ಮಗಳು

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಅಂತ ಇದ್ದೆ. ಬಿಳಿಗೋಡೆಯವರು ಪ್ರಾಮಾಣಿಕವಾಗಿ ಕೇಳುತ್ತಿದ್ದಾರೆ ಅನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕಲೆಯವಳಲ್ಲ. ಕೆಲವು ವರ್ಷದ ಹಿಂದೆ ಒಂದು ಗ್ಯಾಲರಿಯಲ್ಲಿ ಹೋರಾಟಗಳ ಫೋಟೋ ಪ್ರದರ್ಶನ ನಡೆದಿತ್ತು. ಗೆಳತಿ ಜೊತೆ ಸುಮ್ನೆ ಹೋಗಿದ್ದೆ. ಎರಡನೇ ಕೋಣೆಗೆ ತಿರುಗಿದರೆ ಎದುರಿನ ಗೋಡೆಯ ಮೇಲೆ ನಮ್ಮ ಅಜ್ಜಿ. ಆಳೆತ್ತರದ ಫೋಟೋ. ಅಜ್ಜಿ ಕೆಲಸ ಮಾಡುತ್ತಿದ್ದ ಕಡೆ ನಡೆದ ಮುಷ್ಕರದ ಫೋಟೋ ಅದು, ಅಂಥದ್ದೊಂದು ತೆಗೆದಿದ್ದಾರೆ ಅಂತಲೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ತೀರಿಹೋಗಿ ಆಗಲೇ ಒಂಬತ್ತು ವರ್ಷ ಆಗಿತ್ತು. ನನಗೆ ಮೊದಲು ಖುಷಿ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಅಷ್ಟು ಚಿಕ್ಕ ವಯಸ್ಸಿನ ಅಜ್ಜಿಯನ್ನು ನಾನು ನೋಡಿಯೇ ಇರಲಿಲ್ಲ.

ಆಮೇಲೆ ಕೆಳಗಿನ ಲೇಬಲ್ ಓದಿದೆ. 'ಹೆಸರು ತಿಳಿಯದ ಮಹಿಳೆ' ಅಂತ ಇತ್ತು. ಛಾಯಾಗ್ರಾಹಕರ ಹೆಸರು ದಪ್ಪ ಅಕ್ಷರದಲ್ಲಿತ್ತು. ಫೋಟೋದಲ್ಲಿ ಅಜ್ಜಿ ಬಲಗೈಯಲ್ಲಿ ಒಂದು ಜೊತೆ ಚಪ್ಪಲಿ ಎತ್ತಿ ಹಿಡಿದಿದ್ದಾರೆ. ಲೇಬಲ್‌ನಲ್ಲಿ ಅದರ ಬಗ್ಗೆ ಉದ್ದಕ್ಕೆ ಬರೆದಿದ್ದರು. ಚಪ್ಪಲಿ ಅವಮಾನದ ಸಂಕೇತ, ಮಾಲೀಕರ ಕಡೆ ಎತ್ತಿದ ಆಯುಧ, ಹಾಗೆ ಹೀಗೆ.

ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ ಅಮ್ಮನಿಗೆ ತೋರಿಸಿದೆ. ಅಮ್ಮ ತುಂಬಾ ಹೊತ್ತು ನೋಡಿದರು. 'ಅದು ನಂದು' ಅಂದರು. ಚಪ್ಪಲಿ. ನೋಡಿ, ಅದು ಇಷ್ಟೇ ಇಷ್ಟು ಇದೆ, ದೊಡ್ಡವರ ಕಾಲಿಗೆ ಆಗುವುದೇ ಇಲ್ಲ. ಅವತ್ತು ಅಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲವಂತೆ, ಅಜ್ಜಿ ಬೆನ್ನಿಗೆ ಕಟ್ಟಿಕೊಂಡು ಹೋಗಿದ್ದರು. ಮಗು ನಿದ್ದೆ ಹೋದಾಗ ಚಪ್ಪಲಿ ಬೀಳುತ್ತದೆ ಅಂತ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಘೋಷಣೆ ಕೂಗುವಾಗ ಕೈ ಮೇಲೆ ಹೋಗಿದೆ. ಫೋಟೋದಲ್ಲಿ ಅಜ್ಜಿಯ ಎಡ ಭುಜದ ಹತ್ತಿರ ಬಟ್ಟೆಯ ಒಂದು ಗಂಟು ಕಾಣುತ್ತದೆ. ಅದು ಅಮ್ಮನನ್ನು ಕಟ್ಟಿದ ಗಂಟು.

ಅವರು ಬರೆದದ್ದು ಸುಳ್ಳು ಮಾತ್ರ ಅಲ್ಲ, ನಿಜಕ್ಕಿಂತ ಚಿಕ್ಕದು. ಮಗು ಬೆನ್ನಿಗೆ ಕಟ್ಟಿಕೊಂಡು ಮುಷ್ಕರಕ್ಕೆ ಕೂತ ಹೆಂಗಸನ್ನು ತೆಗೆದು ಚಪ್ಪಲಿ ಎತ್ತಿದ ಹೆಂಗಸನ್ನು ಇಟ್ಟರು.

ಗ್ಯಾಲರಿಗೆ ಹೋಗಿ ಹೇಳಿದೆ. ತುಂಬಾ ಮರ್ಯಾದೆಯಿಂದ ಮಾತಾಡಿದರು. ಪ್ರದರ್ಶನ ಮುಗಿಯಲು ನಾಲ್ಕು ದಿನ ಇದೆ, ಈಗ ಲೇಬಲ್ ಬದಲಿಸುವುದು ಕಷ್ಟ ಅಂದರು.

ನೂಲು

ಓದಿ ಕೂತುಬಿಟ್ಟೆ. ಆ ಗಂಟಿನ ಬಗ್ಗೆ ಹೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ಕೊಲಂಬಿಯಾದ ಡೋರಿಸ್ ಸಲ್ಸೆಡೊ 90ರ ದಶಕದ ಶುರುವಿನಲ್ಲಿ ಕಾಣೆಯಾದವರ ಚಪ್ಪಲಿ, ಬೂಟುಗಳನ್ನು ಇಟ್ಟು ಒಂದು ಕೃತಿ ಮಾಡಿದರು. ಗೋಡೆಯಲ್ಲಿ ಗೂಡು ಕೊರೆದು, ಒಳಗೆ ಚಪ್ಪಲಿ ಇಟ್ಟು, ಮೇಲೆ ಪ್ರಾಣಿಯ ತೆಳು ಪೊರೆಯನ್ನು ಎಳೆದು ಆಪರೇಷನ್‌ಗೆ ಬಳಸುವ ದಾರದಿಂದ ಗೋಡೆಗೇ ಹೊಲಿದರು. ಪೊರೆಯ ಹಿಂದೆ ಮಸುಕಾಗಿ ಕಾಣುತ್ತದೆ. ಮನೆಯವರ ಜೊತೆ ವರ್ಷಗಟ್ಟಲೆ ಮಾತಾಡಿಕೊಂಡು ಬಂದ ಮೇಲೆ ಮಾಡಿದ ಕೆಲಸ ಅದು. ಯಾರ ಕಾಲಿನದು ಅಂತ ಕೇಳದೆ ಚಪ್ಪಲಿಯ ಬಗ್ಗೆ ಬರೆಯಬಾರದು.

ಹಳೇಕಡತ

ಮೊಮ್ಮಗಳು ಅವರೇ, ಕಡತ ಕಾಯುವ ಕೆಲಸದವನಾಗಿ ಹೇಳುತ್ತೇನೆ. 'ಹೆಸರು ತಿಳಿಯದು' ಅಂತ ನಾವು ಬರೆಯುವ ಕಡೆ ಎಷ್ಟೋ ಸಲ ಸರಿಯಾದ ಮಾತು 'ಹೆಸರು ಕೇಳಿಲ್ಲ' ಅನ್ನುವುದು. ನಾನೂ ಅಂಥ ಲೇಬಲ್ ಬರೆದಿದ್ದೇನೆ. ಇನ್ನು ಬರೆಯುವುದಿಲ್ಲ.

ಬಿಳಿಗೋಡೆ ಸರ್, ಮುಂಚೆಯೇ ಕೇಳಿದರೆ ಏನಾಗುತ್ತದೆ, ಆಮೇಲೆ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಘಟನೆ ಹೇಳುತ್ತೇನೆ.

1983ರ ಸೆಪ್ಟೆಂಬರ್ 21ರಂದು ಅರ್ಜೆಂಟೀನಾದಲ್ಲಿ ಸೇನಾ ಸರ್ಕಾರ ಇನ್ನೂ ಇತ್ತು. ಕಾಣೆಯಾದವರು 30,000 ಅಂತ ಅವರ ಮನೆಯವರು ಹೇಳುತ್ತಿದ್ದರು. ಮೂವರು ಕಲಾವಿದರಿಗೆ ಆಳೆತ್ತರದ ನೆರಳಿನ ಆಕಾರಗಳನ್ನು ಕಾಗದದಲ್ಲಿ ಮಾಡಿ ಊರೆಲ್ಲ ಅಂಟಿಸುವ ಯೋಚನೆ ಬಂತು. ಅವರು ಮಾಯೊ ಚೌಕದ ತಾಯಂದಿರ ಹತ್ತಿರ ಹೋದರು, ಕಾಣೆಯಾದವರ ತಾಯಂದಿರು ಆ ಚೌಕದಲ್ಲಿ ಸೇರಿ ಕಟ್ಟಿದ ಗುಂಪು ಅದು. ತಾಯಂದಿರು ಒಪ್ಪಿದರು, ಆದರೆ ಆಕಾರಗಳು ನೆಲದ ಮೇಲೆ ಮಲಗಿರಬಾರದು, ನಿಂತಿರಬೇಕು ಅಂದರು. ಮಲಗಿದರೆ ಸತ್ತಿದ್ದಾರೆ ಅಂತ ನಾವೇ ಒಪ್ಪಿದ ಹಾಗೆ. ಅವತ್ತು ಚೌಕಕ್ಕೆ ಬಂದ ಜನ ತಾವೇ ಕಾಗದದ ಮೇಲೆ ಮಲಗಿ ಸುತ್ತ ಗೆರೆ ಎಳೆಸಿಕೊಂಡು ನೆರಳು ಮಾಡಿದರು, ರಾತ್ರಿಯೆಲ್ಲ ಗೋಡೆ ಗೋಡೆಗೆ ಅಂಟಿಸಿದರು. ಇಂದು ಆ ಫೋಟೋಗಳಲ್ಲಿ ನಮ್ಮನ್ನು ಹಿಡಿಯುವುದು ಆ ನಿಂತ ನಿಲುವೇ. ಅದು ತಾಯಂದಿರು ಹೇಳಿದ್ದು.

ಇನ್ನೊಂದು 2017ರದು, ಮಿನಿಯಾಪೊಲಿಸ್‌ನಲ್ಲಿ. ವಾಕರ್ ಕಲಾ ಕೇಂದ್ರದ ತೋಟದಲ್ಲಿ ಸ್ಯಾಮ್ ಡುರಾಂಟ್ ಅವರ ಒಂದು ದೊಡ್ಡ ಶಿಲ್ಪ ಎದ್ದಿತು. ಅಮೆರಿಕದ ಇತಿಹಾಸದ ಗಲ್ಲುಗಂಬಗಳನ್ನು ಸೇರಿಸಿ ಕಟ್ಟಿದ ಮರದ ಅಟ್ಟ. ಅದರಲ್ಲಿ ಒಂದು, 1862ರಲ್ಲಿ ಮಂಕೇಟೋದಲ್ಲಿ ಡಕೋಟಾ ಅನ್ನುವ ಮೂಲನಿವಾಸಿ ಜನಾಂಗದ 38 ಗಂಡಸರನ್ನು ಒಟ್ಟಿಗೆ ನೇಣು ಹಾಕಿದ ಗಲ್ಲು. ಅದು ನಿಂತದ್ದು ಡಕೋಟಾ ಜನರ ನೆಲದಲ್ಲೇ, ಅವರನ್ನು ಮುಂಚೆ ಕೇಳಿರಲಿಲ್ಲ. ಮರಣದಂಡನೆಯನ್ನು ಖಂಡಿಸುವುದೇ ಕಲಾವಿದರ ಉದ್ದೇಶ. ಆದರೆ ಡಕೋಟಾ ಮಕ್ಕಳಿಗೆ ಅದು ಕಂಡದ್ದು ತಮ್ಮ ಮುತ್ತಜ್ಜಂದಿರ ಗಲ್ಲು. ಬೇಲಿಯ ತುಂಬಾ ವಿರೋಧದ ಬರಹ ತೂಗಿದವು. ಕೊನೆಗೆ ಹಿರಿಯರ ಜೊತೆ ಕೂತು ಮಾತಾಡಿದರು, ಶಿಲ್ಪವನ್ನು ಬಿಚ್ಚಿದರು, ಕಲಾವಿದರು ಅದರ ಹಕ್ಕನ್ನೂ ಡಕೋಟಾ ಜನರಿಗೇ ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಟ್ಟದ್ದನ್ನು ನಾನು ಗೌರವಿಸುತ್ತೇನೆ. ಅದೇ ಮಾತುಕತೆ ಮೊದಲ ಮೊಳೆ ಹೊಡೆಯುವ ಮುಂಚೆ ಆಗಿದ್ದರೆ ಬೇರೆಯೇ ಏನೋ ಕಟ್ಟಬಹುದಿತ್ತು.

ರೀಲುಪೆಟ್ಟಿಗೆ

ಹೆಸರು ಹಾಕಲೇಬೇಕು ಅನ್ನುವುದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಇಂಡೋನೇಷ್ಯಾದ 1965–66ರ ಕೊಲೆಗಳ ಬಗ್ಗೆ 2012ರಲ್ಲಿ ಬಂದ 'ದಿ ಆಕ್ಟ್ ಆಫ್ ಕಿಲ್ಲಿಂಗ್' ಸಿನಿಮಾದ ಕೊನೆಯಲ್ಲಿ ಹೆಸರುಗಳ ಪಟ್ಟಿ ಬರುತ್ತದೆ. ಅದರಲ್ಲಿ ಸಾಲು ಸಾಲಾಗಿ 'ಅನಾಮಧೇಯ' ಅಂತಲೇ ಇದೆ. ಸಹನಿರ್ದೇಶಕರಲ್ಲೂ ಒಬ್ಬರು ಅನಾಮಧೇಯ. ಹೆಸರು ಹೊರಗೆ ಬಂದರೆ ಅಲ್ಲಿ ಇರುವವರಿಗೆ ಅಪಾಯ. ಹೆಸರು ಬಿಟ್ಟದ್ದು ಅವರೇ, ಬೇಕೆಂದೇ. 'ಕೇಳಿಲ್ಲ' ಅನ್ನುವುದಕ್ಕೂ ಇದಕ್ಕೂ ಭೂಮಿ ಆಕಾಶದಷ್ಟು ವ್ಯತ್ಯಾಸ.

ಅದಕ್ಕೇ ಹೇಳುವುದು, ಸಿನಿಮಾ ಮುಗಿದ ತಕ್ಷಣ ಲೈಟ್ ಹಾಕಬೇಡಿ. ಕೊನೆಯ ಹೆಸರು ಹೋಗುವವರೆಗೆ ಕತ್ತಲೆ ಇರಲಿ, ಮೈಕ್ ಹಿಡಿದು ಓಡಬೇಡಿ. ನಾನು ಅದನ್ನು ತೋರಿಸಿದ ದಿನ ಮೊದಲು ಕುರ್ಚಿ ಸದ್ದು, ಚೀಲ ಎತ್ತಿಕೊಳ್ಳುವ ಸದ್ದು. ನಾಲ್ಕನೆಯ ಐದನೆಯ 'ಅನಾಮಧೇಯ' ಬಂದಾಗ ಎದ್ದವರು ನಿಂತಲ್ಲೇ ನಿಂತರು. ಆಮೇಲೆ ಕೂತರು.

ಮಾತುಕತೆಯನ್ನು ಕೊನೆಗೇ ಇಡಬೇಕು ಅಂತಲೂ ಇಲ್ಲ. 1968ರಲ್ಲಿ ಅರ್ಜೆಂಟೀನಾದ ಸೊಲಾನಾಸ್ ಮತ್ತು ಗೆಟಿನೊ ಮಾಡಿದ ನಾಲ್ಕು ಗಂಟೆ ಮೀರಿದ ಸಿನಿಮಾವನ್ನು ಗುಟ್ಟಾಗಿ ಮನೆಗಳಲ್ಲಿ, ಕಾರ್ಮಿಕ ಸಂಘಗಳಲ್ಲಿ ತೋರಿಸುತ್ತಿದ್ದರು. ನಡುವೆ ನಿಲ್ಲಿಸಿ ಮಾತಾಡಲು ಸಿನಿಮಾದಲ್ಲೇ ಜಾಗ ಬಿಟ್ಟಿದ್ದರು. ನಿಮ್ಮ ಸಣ್ಣ ಹಾಲ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ನೀವು ತೋರಿಸುವ ಸಿನಿಮಾದ ನಿರ್ದೇಶಕರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ನಡುವೆ ನಿಲ್ಲಿಸಿ.

ಹಾಂ, ಎಲ್ಲದರ ಎರಡು ಪ್ರತಿ ಇಟ್ಟುಕೊಳ್ಳಿ, ಎರಡು ಬೇರೆ ಬೇರೆ ಕಡೆ. ಮುಹೋಲಿಯವರ ಮನೆಗೆ 2012ರಲ್ಲಿ ನುಗ್ಗಿ ಹಾರ್ಡ್ ಡಿಸ್ಕ್‌ಗಳನ್ನೇ ಕದ್ದರು, ವರ್ಷಗಳ ಕೆಲಸ ಹೋಯಿತು.

ಬಿಳಿಗೋಡೆ

ನಿನ್ನೆ ಆರು ಜನ ಮತ್ತೆ ನೆಲದ ಮೇಲೆ ಕೂತೆವು. ಈ ಸಲ ಚಿತ್ರ ಜೋಡಿಸುವ ಮುಂಚೆ ಪ್ರತಿಯೊಂದರ ಹಿಂದೆ ಪೆನ್ಸಿಲ್‌ನಲ್ಲಿ ಬರೆದೆವು: ಇದರಲ್ಲಿ ಇರುವವರು ಯಾರು, ಅವರನ್ನೋ ಅವರ ಮನೆಯವರನ್ನೋ ಯಾರಾದರೂ ಕೇಳಿದ್ದಾರಾ. 40ರಲ್ಲಿ 11ಕ್ಕೆ ಮಾತ್ರ ನಮ್ಮಲ್ಲಿ ಉತ್ತರ ಇತ್ತು. ಇನ್ನು ಐದಕ್ಕೆ ಕೇಳಲು ದಾರಿ ಇದೆ, ಫೋನ್ ನಂಬರ್ ಸಿಕ್ಕಿದೆ, ಈ ವಾರ ಹೋಗಿ ಕೂತು ಮಾತಾಡಿ ಬರುತ್ತೇವೆ. ಉಳಿದ 24 ಈ ಸಲ ಬೇಡ ಅಂತ ತೀರ್ಮಾನ ಆಯಿತು. ಬೇಜಾರಾಯಿತು, ಒಂದೆರಡು ನನಗೆ ತುಂಬಾ ಇಷ್ಟದವು.

ಕೌದಿಯನ್ನು ಕೋಣೆಯ ನಡುವೆ ಇಳಿಬಿಡುತ್ತೇವೆ. ವಿಡಿಯೋ ಎರಡೇ, ಬೆಂಚು ನಾಲ್ಕು. ಬಣ್ಣದಕೈ ಅವರೇ, ನಿಮಗೆ ಬೇರೆಯಾಗಿ ಸಂದೇಶ ಕಳಿಸಿದ್ದೇನೆ. ಬಕೆಟ್ಟಿನ ಬೆಳಕಿನ ಚಿತ್ರಗಳನ್ನು ಕಳಿಸುತ್ತೀರಾ? ಪಕ್ಕದಲ್ಲಿ ನೀವೇನು ಬರೆಯುತ್ತೀರೋ ಅದೇ ಲೇಬಲ್. ಏನೂ ಬರೆಯುವುದು ಬೇಡ ಅಂದರೆ ಹೆಸರು, ವರ್ಷ ಮಾತ್ರ.

ಲೇಬಲ್‌ಗಳನ್ನು ಗೋಡೆಗೆ ಅಂಟಿಸುವ ಬದಲು ಕಾರ್ಡಿನಲ್ಲಿ ಬರೆದು ಸಿಕ್ಕಿಸುತ್ತೇವೆ. ಯಾರಾದರೂ ಬಂದು 'ಇದು ಹೀಗಲ್ಲ' ಅಂದರೆ ಅವತ್ತೇ ಬದಲಾಯಿಸಬಹುದು.

ಮೊಮ್ಮಗಳು ಅವರೇ, ಒಂದು ಕೇಳಲಾ? ಆ ಫೋಟೋದ ಲೇಬಲ್ ಕೊನೆಗೆ ಏನಾಯಿತು?

ಬಣ್ಣದಕೈ

ಸಂದೇಶ ನೋಡಿದೆ. ಮೂರು ಕಳಿಸುತ್ತೇನೆ. ಒಂದರಲ್ಲಿ ನನ್ನ ತಂಗಿ ನೀರೆರಚಿ ನಗುತ್ತಿದ್ದಾಳೆ. ಅವಳನ್ನು ಕೇಳಿಯೇ ಕಳಿಸುತ್ತೇನೆ.

ಮೊಮ್ಮಗಳು

ಫೋಟೋ ತೆಗೆದವರ ವಿಳಾಸ ಹುಡುಕಿ ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು, ವಯಸ್ಸಾದವರು, ಕೈ ನಡುಗುವ ಅಕ್ಷರ. ಅವತ್ತು ಹೆಸರು ಕೇಳಬೇಕಿತ್ತು, ಕೇಳಲಿಲ್ಲ ಅಂತ ಬರೆದಿದ್ದರು. ಅವರ ಸಂಗ್ರಹದಲ್ಲಿ ಈಗ ಅಜ್ಜಿಯ ಪೂರ್ತಿ ಹೆಸರು ಇದೆ, ಕೆಳಗೆ 'ಕೈಯಲ್ಲಿರುವುದು ಬೆನ್ನ ಮೇಲೆ ಮಲಗಿರುವ ಮಗಳ ಚಪ್ಪಲಿ' ಅಂತ ಒಂದು ಸಾಲು ಇದೆ. ಒಂದು ಪ್ರಿಂಟನ್ನೂ ಕಳಿಸಿದರು.

ಅಮ್ಮ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕನ್ನಡಕ ಹಾಕಿ ನೋಡುತ್ತಿದ್ದರು. ಚಪ್ಪಲಿಯ ಬಾರು ಕಿತ್ತುಹೋಗಿತ್ತು, ಹಿಂದಿನ ರಾತ್ರಿ ಅಜ್ಜಿ ಕೆಂಪು ದಾರದಲ್ಲಿ ಹೊಲಿದಿದ್ದರು ಅಂದರು. ಫೋಟೋ ಕಪ್ಪು ಬಿಳುಪು, ಗೊತ್ತಾಗುವುದಿಲ್ಲ. ಅದನ್ನೂ ಸೇರಿಸಿ ಅಂತ ಇವತ್ತು ನಾಲ್ಕನೆಯ ಪತ್ರ ಬರೆದು ಹಾಕಿದೆ.